ಸಿಹಿಯೋ, ಉಪ್ಪೋ

ರಾತ್ರಿ ಎರಡಕ್ಕೆ ಅಡಿಗೆಮನೆಯಲ್ಲಿ ಗುಂಯ್.
ಸ್ವಿಚ್ಚು ಆರಿಸಿದರೂ ಗುಂಯ್.
ತೊಳೆದ ತಟ್ಟೆಗಳು ಒಳಗೆ ಒಣಗಿವೆ,
ಆದರೂ ಹೊರಹಾಕುತ್ತಲೇ ಇದೆ
ಇಲ್ಲದ ನೀರನ್ನು.
ಗಾಜಿನ ಪಟ್ಟಿಯಲ್ಲಿ ಇ-ಹದಿನೈದು ಎಂದು ಮಿಣುಕು.
"ಡಿಶ್‌ವಾಷರಿಗೆ ದೆವ್ವ ಹೊಕ್ಕಿದೆ" ಎಂದ ಎನ್ಸಿಯೊ,
ಕಂಬಳಿ ಹೊದ್ದು, ಬರಿಗಾಲಲ್ಲಿ ನಿಂತು.
ನಾನು ಪ್ಲಗ್ಗು ಕಿತ್ತೆ.
ದೆವ್ವ ಸುಮ್ಮನಾಯಿತು.

ಬೆಳಿಗ್ಗೆ ಮೇಲಿನ ಮನೆಯ ಯಾರ್ಕೊ ಇಣುಕಿದ.
"ಹನ್ನೊಂದು ವರ್ಷದ್ದೇ? ಎಸೆಯಿರಿ, ಟೂಲಿಕ್ಕಿ."
ಹನ್ನೊಂದು!
ನಾನು ನನ್ನಷ್ಟೇ ವಯಸ್ಸಾದ ಎಂಜಿನ್ನುಗಳಿಗೆ ಎಣ್ಣೆ ಕುಡಿಸಿ
ರೌಮಾದಿಂದ ರೋಟರ್‌ಡ್ಯಾಮಿನವರೆಗೆ
ಕಾಗದದ ಸುರುಳಿ ಸಾಗಿಸಿದವಳು.
ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಮೊದಲು ಸುಲಭದ ಶಂಕಿತರು.
ಜಾಲರಿ ಬಿಚ್ಚಿದೆ: ಓಟ್ಸ್ ಗಂಜಿಯ ಲೋಳೆ,
ಒಂದು ಮೀನಿನ ಮುಳ್ಳು, ಸೌತೆಕಾಯಿ ಜಾಡಿಯ ಚೀಟಿ.
ಪಂಪಿನ ರೆಕ್ಕೆಗೆ ಬೆರಳು ಕೊಟ್ಟೆ, ತಿರುಗಿತು.
ನಿರಪರಾಧಿಗಳು.

ಇಬ್ಬರೂ ಸೇರಿ ಚಿಂದಿ ಜಮಖಾನೆಯ ಮೇಲೆ
ಅದನ್ನು ಗೂಡಿನಿಂದ ಎಳೆದೆವು.
ಪಕ್ಕದ ತಗಡು ಬಿಚ್ಚಿ ಟಾರ್ಚು ಬಿಟ್ಟರೆ
ತಳದ ತಟ್ಟೆಯಲ್ಲಿ ಬೆರಳುದ್ದ ನೀರು,
ನೀರಿನ ಮೇಲೆ ತೇಲಿ ಸ್ವಿಚ್ಚಿಗೆ ತಲೆಯೊತ್ತಿದ ಬಿಳಿ ಬೆಂಡು.
ಪಾಪ, ಹುಚ್ಚು ಹಿಡಿದದ್ದಲ್ಲ.
ಕಾಲಡಿಗೆ ನೀರು ಬಂತೆಂದು ಗೊತ್ತಾಗಿ
ರಾತ್ರಿಯಿಡೀ ಎತ್ತಿ ಎತ್ತಿ ಸುರಿಯುತ್ತಿತ್ತು,
ನೀರಿಲ್ಲದ ಜಾಗದಿಂದ.

ಹಡಗಿನ ತಳದಲ್ಲಿ ನೀರು ಕಂಡರೆ
ಅಳೆಯುವ ಮುಂಚೆ, ಬೈಯುವ ಮುಂಚೆ
ಬೆರಳದ್ದಿ ನೆಕ್ಕಬೇಕು.
ಸಿಹಿಯೋ, ಒಡೆದದ್ದು ನಮ್ಮದೇ ತೊಟ್ಟಿ;
ಊಟ ಮುಗಿಸಿ ಬಂದು ನೋಡಬಹುದು.
ಉಪ್ಪೋ, ಕಡಲು ಒಳಗೆ ಬಂದಿದೆ.
ಕಲಿಸಿದವನು ಸುಂಡ್‌ಕ್ವಿಸ್ಟ್,
ನಮ್ಮ ಚೀಫು, ದಿನಕ್ಕೆ ಮೂರೇ ಮಾತಾಡುವವನು.

ಎಪ್ಪತ್ತೊಂದರ ಮಂಡಿ ಊರಿ
ಬೆರಳದ್ದಿದೆ.
"ಥೂ" ಎಂದ ಎನ್ಸಿಯೊ.
ಉಪ್ಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ಆದರೆ ಇದಕ್ಕೆ ಇಷ್ಟು ತಿನ್ನಿಸಿದವರು ಯಾರು?
ಗಡಸು ನೀರನ್ನು ಪಳಗಿಸಲೆಂದು
ಅದರ ಹೊಟ್ಟೆಯಲ್ಲೊಂದು ಉಪ್ಪಿನ ಡಬ್ಬ.
ನಮ್ಮ ನಲ್ಲಿಯದೋ ಮೊದಲೇ ಮೆದು,
ಚಿಟಿಕೆಯೂ ಬೇಡ.
ಡಬ್ಬದ ಕೊರಳಿನ ರಬ್ಬರ್ ಬಳೆ
ಅರ್ಧಕ್ಕೆ ಬಿರಿದು, ಸುತ್ತ ಬಿಳಿ ಹರಳು ಕಟ್ಟಿತ್ತು.

"ಯಾಕೆ ಹಾಕುತ್ತಿದ್ದೆ?"
"ಕೆಂಪು ದೀಪ ಕೇಳುತ್ತಿತ್ತು."
ಗ್ರಂಥಾಲಯದಲ್ಲಿ ಕೂದಲು ಬೆಳ್ಳಗಾದವನು,
ಬರೆದದ್ದನ್ನೆಲ್ಲ ನಂಬುವವನು.
ಸ್ವಲ್ಪ ಹೊತ್ತಾದ ಮೇಲೆ, ಸ್ಕ್ರೂಗಳನ್ನು ಎಣಿಸುತ್ತ:
"ನೀನು ಹಡಗಿನಿಂದ ಫೋನು ಮಾಡಿ
ಮನೆಯಲ್ಲಿ ಎಲ್ಲ ಸರಿಯಾ ಅನ್ನುತ್ತಿದ್ದೆ.
ದೀಪ ಆರಿದ್ದರೆ
ಹೂಂ ಅನ್ನಲು ಬರುತ್ತಿತ್ತು."

ನಾನು ಏನೂ ಹೇಳಲಿಲ್ಲ.
ಸ್ಪಂಜಿನಿಂದ ತಟ್ಟೆಯ ನೀರು ಹೀರಿದೆ,
ಹಿಂಡಿದೆ, ಮತ್ತೆ ಹೀರಿದೆ.

ಬಳೆಗೆ ನಾಲ್ಕು ಯೂರೊ ಇಪ್ಪತ್ತು ಸೆಂಟು.
ಟಾಂಪೆರೆಯಿಂದ ಬರಲು ಒಂಬತ್ತು ದಿನ.
ಒಂಬತ್ತು ದಿನ ಅವನು ತೊಳೆದ, ನಾನು ಎತ್ತಿಟ್ಟೆ;
ಸಿಂಕಿನ ಮೇಲಿನ ಕಂಬಿಗೂಡಿನಿಂದ
ತಟ್ಟೆಗಳು ನಮ್ಮ ನೆತ್ತಿಗೆ ತೊಟ್ಟಿಕ್ಕಿದವು.
ಅವನು ತೊಳೆದ ಲೋಟದಲ್ಲಿ ಹಾಲಿನ ವಾಸನೆ.
ಅವನು ಮಲಗಿದ ಮೇಲೆ ಮತ್ತೆ ತೊಳೆದೆ.

ಬಳೆ ತೊಡಿಸಿ, ಅಡಿಗೆ ನಿನ್ನೆಯ ಪೇಪರು ಹಾಸಿ
ಹೊಟ್ಟೆಯ ಮೇಲೆ ಮಲಗಿ ಕಾದೆ,
ಎರಡು ಗಂಟೆ ಹತ್ತು ನಿಮಿಷ.
ತುಂಬಿತು, ಬಡಿಯಿತು, ಬಿಸಿಯಾಯಿತು, ಸುರಿಯಿತು.
ಪೇಪರು ಒಣ.
ಒಂದು ಸ್ಕ್ರೂ ಉಳಿಯಿತು. ಯಾವಾಗಲೂ ಒಂದು ಉಳಿಯುತ್ತದೆ.
ಗುಂಡಿಗಳ ಡಬ್ಬಿಗೆ ಹಾಕಿದೆ.

ಉಪ್ಪಿಲ್ಲವೆಂದು ಕೆಂಪು ದೀಪ ಉರಿಯುತ್ತಿದೆ.
ಉರಿಯಲಿ ಎಂದೆ.
ಎನ್ಸಿಯೊ ಉಳಿದ ಚೀಲ ಎತ್ತಿಕೊಂಡು ಹೋಗಿ
ಮೆಟ್ಟಿಲ ಮಂಜುಗಡ್ಡೆಯ ಮೇಲೆ ಎರಚಿ ಬಂದ.
ಒಂದು ಹಿಡಿಯಷ್ಟು
ಕಪಾಟಿನ ಹಿಂದೆ, ಜಾಡಿಯಲ್ಲಿ, ಅಡಗಿಸಿಟ್ಟಿದ್ದಾನೆ,
ನನಗೆ ಗೊತ್ತಿಲ್ಲ ಅಂದುಕೊಂಡು.