ಕಚ್ಚಾ ಹೊಲಿಗೆ

ಹಾಂಗ್‌ಕಾಂಗ್, ೧೯೯೫

ಸಾನ್ ಪೋ ಕಾಂಗ್, ಎಂಟನೇ ಮಹಡಿ. ಸರಕಿನ ಲಿಫ್ಟು
ನನ್ನನ್ನೂ ಒಂದು ಥಾನು ಬಟ್ಟೆಯೆಂದೇ ತಿಳಿದು
ಕುಲುಕುತ್ತ ಮೇಲೆತ್ತಿತು.
ಕಂಕುಳಲ್ಲಿ ಸರ್ಕಾರದ ಅರ್ಜಿ, ಕಾರ್ಬನ್ ಕಾಗದ,
ದಾರ ಕಟ್ಟಿದ ಪೆನ್ನು.

ಯಂತ್ರ ನಿಲ್ಲಿಸದೆಯೇ ಕೇಳಿದಳು ಮೋಕ್ ಸಾವ್‌ಪಿಂಗ್,
ಕಾಲರಿನ ಸಾಲಲ್ಲಿ ಮೂರನೆಯವಳು:
"ವೋಟು ಮನೆಗೋ, ಕೆಲಸಕ್ಕೋ?"
ಎರಡಕ್ಕೂ, ಅಂದೆ. ಇರುವ ಕೇರಿಗೊಂದು,
ಮಾಡುವ ಕಸುಬಿಗೊಂದು.
ಈವರೆಗೆ ಕಸುಬಿನ ವೋಟು ಧಣಿಗಳದ್ದಾಗಿತ್ತು,
ಈ ಸಲ ಸೂಜಿ ಹಿಡಿದವರಿಗೂ ಉಂಟು.

"ಎಲ್ಲಿಯವರೆಗೆ?"

ಅದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.
ಹೋದ ವರ್ಷ ಕಲಿಸಿಕೊಟ್ಟದ್ದನ್ನೇ ಒಪ್ಪಿಸಿದೆ:
ಇದು ನೇರ ರೈಲು, ಗಡಿಯಲ್ಲಿ ಇಳಿಯಬೇಕಿಲ್ಲ,
ತೊಂಬತ್ತೇಳರ ನಡುರಾತ್ರಿ ಬಾವುಟ ಬದಲಾದರೂ
ಬೋಗಿ ಅದೇ, ಕೂತವರೂ ಅವರೇ.
ಹಳಿಯನ್ನೇ ಕೀಳುತ್ತೇವೆಂದು ಆಚೆಯವರು ಹೇಳಿದ್ದನ್ನು
ನಾನು ಓದಿದ್ದೆ. ಅವಳೂ ಓದಿದ್ದಳು.
ತುಟಿಯಲ್ಲಿ ಕಚ್ಚಿದ ಗುಂಡುಸೂಜಿ ಬೀಳದ ಹಾಗೆ ನಕ್ಕಳು.

"ನೂರೈವತ್ತು ವರ್ಷ ಬಾಡಿಗೆಗಿದ್ದವರು
ಮನೆ ಬಿಡುವ ಮುನ್ನಾದಿನ ಸುಣ್ಣ ತಂದಿದ್ದಾರೆ."
"ತರಲಿ ಬಿಡೇ," ಹಿಂದಿನ ಯಂತ್ರದಿಂದ ಮುದುಕಿ ಕ್ವೋಕ್,
"ಗೋಡೆಯೊಳಗೆ ಇರುವವರು ನಾವಲ್ಲವೆ?"

ಸಾವ್‌ಪಿಂಗ್ ಒಂದು ತೋಳು ಎತ್ತಿ ತೋರಿಸಿದಳು,
ಬಿಳಿ ಅಂಗಿಗೆ ಕೆಂಪು ನೂಲಿನ ಕಚ್ಚಾ ಹೊಲಿಗೆ.
ತುದಿ ಹಿಡಿದು ಎಳೆದಳು, ತೋಳು ಕಳಚಿ ಮಡಿಲಿಗೆ ಬಿತ್ತು.
"ಅಳತೆ ನೋಡಲಿಕ್ಕೆ ಇದು. ಗಟ್ಟಿ ಹೊಲಿಗೆ ಬಿದ್ದಮೇಲೆ ಕೀಳುತ್ತೇವೆ."
ಬೀಳದಿದ್ದರೆ?
"ತೂತುಗಳ ಸಾಲು ಉಳಿಯುತ್ತೆ."
ಅಂದವಳೇ ಪೆನ್ನು ಕಿತ್ತುಕೊಂಡು, ಒತ್ತಿ ಸಹಿ ಹಾಕಿದಳು.

ಆಗಸ್ಟಿನಲ್ಲಿ ಕಾರ್ಖಾನೆ ಡಾಂಗ್‌ಗುವಾನಿಗೆ ಹೊರಟಿತು.
ನಲವತ್ತು ಯಂತ್ರ, ಎರಡು ಲಾರಿ. ಯಂತ್ರಗಳಿಗೆ
ಗಡಿ ದಾಟಲು ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.

ಸೆಪ್ಟೆಂಬರಿನ ಭಾನುವಾರ, ಶಾಲೆಯ ಹಾಲು.
ಹಬ್ಬ ಮುಗಿದು ವಾರವಾಗಿತ್ತು;
ಚಂದ್ರಕಜ್ಜಾಯದ ಖಾಲಿ ಡಬ್ಬಿಯಿಂದ ಗುರುತಿನ ಚೀಟಿ ತೆಗೆದಳು.
ಕೆಲಸ ಹೋಗಿತ್ತು, ಕೆಲಸದ ವೋಟು ಉಳಿದಿತ್ತು.
ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು
ಗೆರೆ ಎಳೆದವನು ನಾನೇ. ನಾನು ತಲೆಯೆತ್ತಲಿಲ್ಲ,
ಅವಳೂ ಮಾತಾಡಿಸಲಿಲ್ಲ.
ಮರೆಯೊಳಗೆ ಬಹಳ ಹೊತ್ತು ಇದ್ದಳು.
ಹಿಂದಿನವರು ಗೊಣಗಿದರು.

ಆಮೇಲಿನದು ನಿಮಗೆ ಗೊತ್ತು. ಮಳೆ, ಬ್ಯಾಂಡು, ಹಡಗು.
ನಡುರಾತ್ರಿಗೆ ಆ ಸಭೆ ಇಲ್ಲವಾಯಿತು.
ಕಸುಬಿನ ವೋಟು ಮತ್ತೆ ಧಣಿಗಳ ಮನೆ ಸೇರಿತು,
ಹೊಸ ನಿಯಮದ ಅಚ್ಚು ತಿದ್ದಿದ್ದು
ನಾನೇ, ಅದೇ ಮೇಜು, ಅದೇ ಫ್ಯಾನು.

ಹಳೆಯ ಅರ್ಜಿಗಳನ್ನು ಚೂರು ಮಾಡುವ ಮುಂಚೆ
ಮೋಕ್ ಎಂಬ ಕಟ್ಟು ಬಿಚ್ಚಿ,
ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.
ತೂತೇನೂ ಇರಲಿಲ್ಲ.
ಹಿಂಬದಿಯಲ್ಲಿ ಬೆರಳಾಡಿಸಿದರೆ ಮಾತ್ರ
ಮೂರಕ್ಷರ ತಡೆಯುತ್ತಿದ್ದವು.