ಗುರುತಿಲ್ಲದ ಜಾಗ

ಶುಕ್ರವಾರ ಬೆಳಿಗ್ಗೆ, ಮಸ್ಕತ್ತಿನ ರೂವಿ, ಮೂರನೆಯ ಮಹಡಿ.
ಚಾಪೆಯ ಮೇಲೆ ಏಳು ಮಕ್ಕಳು, ಎಂಟನೆಯವ ನಾನು,
ನಲವತ್ತಾರರ ಕ್ರೇನ್ ಚಾಲಕ.
ಬಲಪಾದದ ಮೇಲೆ ಪಿಟೀಲಿನ ಸುರುಳಿತಲೆ.
ಕಾಲು ಜೋಮು ಹಿಡಿದಿದೆ; ಹೇಳುವಂತಿಲ್ಲ.

"ರಿಷಭ ಇನ್ನೂ ಕೆಳಗೇ ಇದೆ ಅಂಕಲ್,"
ಅನ್ನುತ್ತಾಳೆ ಹಲ್ಲು ಬಿದ್ದ ಮೇದಿನಿ.
ವಿಶಾಲಮ್ಮ ಟೀಚರ್ ನಗುವುದಿಲ್ಲ. ಅದೇ ಕಷ್ಟ.

ಅರವತ್ತು ಮೀಟರ್ ಎತ್ತರದಿಂದ
ಕಾಂಕ್ರೀಟಿನ ತೊಲೆಯನ್ನು ಬೆರಳಗಲದ ಸಂದಿಗೆ ಇಳಿಸಬಲ್ಲೆ.
ಅಲ್ಲಿ ಕೆಳಗೊಬ್ಬ ಕೈಬೀಸುತ್ತಾನೆ: ಸಾಕು, ನಿಲ್ಲಿಸು.
ಇಲ್ಲಿ ಕರಿಮರದ ಮೇಲೆ ಗೀರಿಲ್ಲ, ಚುಕ್ಕೆಯಿಲ್ಲ.
ಕಿವಿಯೇ ಕೈಬೀಸಬೇಕು.

ಎರಡು ದಿನದ ಓವರ್‌ಟೈಮ್ ಸುರಿದು
ದೊಡ್ಡ ಸಂಗೀತ ಮಂದಿರಕ್ಕೆ ಒಮ್ಮೆ ಹೋಗಿದ್ದೆ,
ಕೊನೆಯ ಸಾಲು, ಇಸ್ತ್ರಿಯ ಅಂಗಿ.
ನಲವತ್ತು ಕಮಾನು ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು.
ಅವರಿಗೂ ಒಬ್ಬ ಕೈಬೀಸುವವನಿದ್ದ!
ನನಗೆ ಸ್ವಲ್ಪ ಧೈರ್ಯ ಬಂತು.

ಕ್ಯಾಂಪಿನ ಕೋಣೆಯಲ್ಲಿ ಆರು ಮಂದಿ.
ನನ್ನ ಸಾಧಕ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ.
ಎಸಿ ಬಿಟ್ಟು ಹೊರಬಂದರೆ ಸೆಕೆಗೆ
ಬಿರಡೆ ಉಬ್ಬಿ ಹಟ ಹಿಡಿಯುತ್ತದೆ.

ನಿನ್ನೆ ರಾತ್ರಿ ಸರಳೆ ಎಳೆಯುತ್ತಿದ್ದಾಗ
ಕಾವಲಿನ ಖಲ್ಫಾನ್ ಮೆಟ್ಟಿಲೇರಿ ಬಂದ.
ಬೈಯಲಿಕ್ಕೇ ಅಂದುಕೊಂಡೆ.
"ಇದು ನಮ್ಮ ಹಿಜಾಜ್‌ಕಾರ್," ಅಂದ.
ಅವನಜ್ಜ ಊದ್ ನುಡಿಸುತ್ತಿದ್ದನಂತೆ.
ಮಾಯಾಮಾಳವಗೌಳ ಅಂತ ನಾನು ಹೇಳಿಕೊಟ್ಟೆ;
ಅವನ ಬಾಯಲ್ಲಿ ಅದು ಮಾಳವಕ್ಕೇ ಮುರಿಯಿತು.

ಟ್ಯಾಂಕಿಗೆ ಬೆನ್ನು ಕೊಟ್ಟು ಕೂತ.
ನಾನು ಮತ್ತೆ ಷಡ್ಜದಿಂದ ಹೊರಟೆ.
ಬೆರಳು ರಿಷಭವನ್ನು ತಡಕುತ್ತ ತಡಕುತ್ತ ಸರಿಯಿತು,
ಅರೆಗತ್ತಲಲ್ಲಿ ಅವನ ಅಂಗೈ ಮೇಲೆದ್ದಿತು:
ಸಾಕು. ಅಲ್ಲೇ.