ಏಳು ಮೀಟರ್ ಹಗ್ಗ

ಉಲಾನ್‌ಬಾತರ್‌ನಿಂದ ಬಂದ ನಕ್ಷೆ ಬಿಚ್ಚಿದರೆ
ಜಠರ ಇರಬೇಕಾದಲ್ಲಿ ಒಂದು ತೂತು.
ಉಗ್ರಾಣದ ಇಲಿ ತಿಂದಿತ್ತು.
ಅನ್ನನಾಳ ಇಳಿದು ಬಂದು ಬಯಲಿಗೆ ಬೀಳುತ್ತಿತ್ತು,
ಯಕೃತ್ತಿನ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು.
"ಟೀಚರ್, ನಮ್ಮ ಜಠರ ಈಗ ಇಲಿಯ ಜಠರದಲ್ಲಿದೆ"
ಅಂದಳು ಹಿಂದಿನ ಬೆಂಚಿನ ನರಂಗೆರೆಲ್.
ತಪ್ಪೇನಿಲ್ಲ. ಪಾಠ ಅಲ್ಲಿಂದಲೇ ಶುರು ಮಾಡಿದೆ.

ಹೊರಗೆ ಸೊನ್ನೆಯ ಕೆಳಗೆ ಮೂವತ್ತೆರಡು.
ಕಿಟಕಿಯ ಒಳಮೈಗೂ ಹಿಮ ಹಿಡಿದಿತ್ತು.
ಒಬ್ಬೊಬ್ಬರಿಗೆ ಒಂದೊಂದು ತುಂಡು ಬ್ರೆಡ್ಡು ಕೊಟ್ಟು ಹೇಳಿದೆ:
ನುಂಗಬೇಡಿ. ಅಗಿಯಿರಿ. ನಾನು ನೂರು ಎಣಿಸುವ ತನಕ.
ಹತ್ತೊಂಬತ್ತು ದವಡೆಗಳ ಸದ್ದು,
ರಾತ್ರಿ ದೊಡ್ಡಿಯ ಪಕ್ಕ ಮಲಗಿದವರಿಗೆ ಗೊತ್ತಿರುವ ಸದ್ದು.
ಅರವತ್ತಕ್ಕೆ ಒಬ್ಬ ನುಂಗಿಬಿಟ್ಟು ಇನ್ನೊಂದು ತುಂಡು ಕೇಳಿದ.
ಎಂಬತ್ತಕ್ಕೆ ನರಂಗೆರೆಲ್ ಕಣ್ಣರಳಿಸಿದಳು:
"ಸಿಹಿ! ಯಾರು ಹಾಕಿದರು ಸಕ್ಕರೆ?"
ನೀನೇ, ಅಂದೆ. ನಿನ್ನ ಎಂಜಲು.
ಪಿಷ್ಟದ ಗಂಟು ಬಿಚ್ಚುವ ಮೊದಲ ಕೈ ಅದು.

ಆಮೇಲೆ ಹಗ್ಗ.
ಮರಿಕುದುರೆ ಕಟ್ಟಲು ಕೂದಲಲ್ಲಿ ಹೊಸೆದ ಹಗ್ಗ,
ಗಂಡನನ್ನು ಕೇಳದೆ ತಂದದ್ದು.
ಏಳು ಮೀಟರ್ ಅಳೆದು ಗಂಟು ಹಾಕಿದೆ: ಸಣ್ಣ ಕರುಳು.
ಹೆಸರಷ್ಟೇ ಸಣ್ಣದು. ತರಗತಿ ಸಾಲಲಿಲ್ಲ.
ಹಗ್ಗ ಹಿಡಿದ ಮಕ್ಕಳ ಸಾಲು ಕರಿಹಲಗೆ ಬಿಟ್ಟು
ಬಾಗಿಲು ದಾಟಿ, ಪಡಸಾಲೆಯ ಒಲೆಯ ತನಕ ಹೋಯಿತು.
ಅಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಮುದುಕ ಸಂಬು
ಏನು ಎತ್ತ ಕೇಳದೆ ತುದಿ ಹಿಡಿದು ನಿಂತ.
ಇಷ್ಟನ್ನೂ ಮಡಿಚಿ ಮಡಿಚಿ
ನಿಮ್ಮ ನಡುಪಟ್ಟಿಯ ಹಿಂದೆ ಇಟ್ಟಿದೆ, ಅಂದೆ.
ಮಕ್ಕಳು ಹೊಟ್ಟೆ ಮುಟ್ಟಿ ನೋಡಿಕೊಂಡರು,
ಕದ್ದ ಮಾಲು ಬಚ್ಚಿಟ್ಟವರಂತೆ.

ಶಿನೆಬಯಾರ್ ಮಾತ್ರ ನಕ್ಕ. "ಏಳೇ?
ಕುರಿಯದು ಇಪ್ಪತ್ತೈದು ಬರುತ್ತೆ ಟೀಚರ್."
ಎದ್ದು ಬಂದ. ಸೀಮೆಸುಣ್ಣ ಮುಟ್ಟಲಿಲ್ಲ.
ಬೆಚ್ಚಗಿನ ನೀರು ಹೀಗೆ ಹೊಯ್ಯಬೇಕು,
ಬೆರಳು ತೂರಿಸಿ ಒಳಗನ್ನು ಹೀಗೆ ಹೊರಗೆ ಮಾಡಬೇಕು,
ಒಳಮೈ ಮಖಮಲ್ಲು, ಜೋರಾಗಿ ಉಜ್ಜಿದರೆ ಹರಿಯುತ್ತೆ.
"ಅಜ್ಜಿ ಒಂದು ಹನಿ ಚೆಲ್ಲದೆ ತೊಳೆಯುತ್ತಾಳೆ.
ನೆತ್ತರು, ಹಿಟ್ಟು, ಕಾಡು ಈರುಳ್ಳಿ ಕಲಸಿ ತುಂಬಿ..."
ಅಲ್ಲಿಗೆ ಕೈ ನಿಂತಿತು.
"ತೊಳೆಯುತ್ತಿದ್ದಳು," ಅಂದ.

ಕಳೆದ ಚಳಿಗಾಲ ಹಿಮ ಕಲ್ಲಾಗಿ ಕೂತಿತ್ತು.
ಅವರ ನಾನ್ನೂರು ಕುರಿ ಅದರ ಮೇಲೆ ನಿಂತೇ ಸತ್ತವು,
ಹೊಟ್ಟೆ ಖಾಲಿ, ಒಂದೊಂದಕ್ಕೂ ನಾಲ್ಕು ಚೀಲ ಖಾಲಿ.
ಆ ಮಖಮಲ್ಲಿಗೆ ಪುಸ್ತಕದಲ್ಲಿ ರಸಾಂಕುರ ಅಂತ ಹೆಸರು.
ಹುಲ್ಲಿನ ಹಾಗೆ ಎದ್ದು ನಿಂತಿರುತ್ತವೆ ಎನ್ನಲು ಹೊರಟವಳು
ಹುಲ್ಲು ಅನ್ನುವ ಮಾತನ್ನು ನುಂಗಿಕೊಂಡೆ.

ಅವನೇ ಮೌನ ಮುರಿದ:
"ಕುರಿಗೆ ನಾಲ್ಕು, ನಮಗೆ ಯಾಕೆ ಒಂದೇ?"
ನಾವು ಬೇಯಿಸುತ್ತೇವಲ್ಲ.
ನಮ್ಮ ಇನ್ನೊಂದು ಚೀಲ ಒಲೆಯ ಮೇಲಿದೆ.
"ಮತ್ತೆ ಮೆಲುಕು?"
ಅದಕ್ಕೆ ನಮಗೆ ಬೇರೆ ಜಾಗ ಉಂಟು, ಅಂದೆ.
ಅದು ಪರೀಕ್ಷೆಗೆ ಬರುವುದಿಲ್ಲ.

ಆ ರಾತ್ರಿ ಹಾಸ್ಟೆಲಿನ ಅಡುಗೆಯಾಕೆ ಹೇಳಿದಳು,
ಮಕ್ಕಳು ಊಟ ಮುಗಿಸುವುದೇ ಇಲ್ಲ ಇವತ್ತು,
ಒಂದೊಂದು ತುತ್ತಿಗೂ ನೂರು ಎಣಿಸುತ್ತಿವೆ,
ದೀಪ ಆರಿಸುವ ಹೊತ್ತಾಯಿತು, ನಿನ್ನಿಂದಲೇ ಇದೆಲ್ಲ.

ವಸಂತದ ಪರೀಕ್ಷೆಯಲ್ಲಿ ಶಿನೆಬಯಾರ್ ಬರೆದ:
"ಆಹಾರ ಬಾಯಲ್ಲಿ ಸಿಹಿಯಾಗಿ, ಇಲಿ ತಿಂದ ತೂತಿನಲ್ಲಿ ಹುಳಿಯಾಗಿ,
ಬಾಗಿಲು ದಾಟಿ, ಸಂಬು ತಾತನ ಕೈ ಮುಟ್ಟುವುದರೊಳಗೆ
ರಕ್ತಕ್ಕೆ ಸೇರುತ್ತದೆ. ಉಳಿದದ್ದು ಹೊರಗೆ."
ಮೇದೋಜೀರಕ ಗ್ರಂಥಿಯನ್ನು ಮರೆತಿದ್ದ.
ಅರ್ಧ ಅಂಕ ಕಳೆದೆ.

ಹಗ್ಗ ಇನ್ನೂ ಶಾಲೆಯಲ್ಲೇ ಇದೆ, ಮೊಳೆಗೆ ನೇತುಹಾಕಿದೆ.
ಮರಿಕುದುರೆಗಳಿಗೆ ಗಂಡ ಬೇರೆ ಹೊಸೆದ, ಗೊಣಗುತ್ತ.